ಪಡುವಣ ಕಿಟಕಿಗೆ ಎರಡು ಪದರ

ಬಾದಾಮಿ ಸೀಮೆಯಲ್ಲಿ ಹೊಸ ಮನೆ ಕಟ್ಟಿದವರಿಗೆ ಮೊದಲ ಬೇಸಿಗೆಯಲ್ಲೇ ಒಂದು ಸಂಗತಿ ಗೊತ್ತಾಗುತ್ತದೆ: ಮಧ್ಯಾಹ್ನದ ಬಿಸಿಲಿಗಿಂತ ಸಂಜೆ ನಾಲ್ಕರ ಬಿಸಿಲು ಕೆಟ್ಟದ್ದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ಸೆಖೆ ಹೊಸದಲ್ಲ. ಆದರೆ ಮನೆಯೊಳಗೆ ಕೂರಲಾಗದಂತೆ ಮಾಡುವುದು ಪಡುವಣ ಕಿಟಕಿಯ ಗಾಜಿನಿಂದ ನೇರ ಒಳಗೆ ಬರುವ ಇಳಿಬಿಸಿಲು.

ನಾನು ಹೊಲಿಗೆಯವಳು. ಮೊದಲು ಕುಬಸ, ಲಂಗ, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದೆ. ಈಗ ಹೆಚ್ಚಿನ ಕೆಲಸ ಕಿಟಕಿ ಪರದೆಯದು. ಶಿವಯೋಗ ಮಂದಿರ, ಪಟ್ಟದಕಲ್ಲು, ಮಹಾಕೂಟ, ಬಾದಾಮಿ ಸುತ್ತಲಿನ ಊರುಗಳಿಗೆ ಅಳತೆ ಟೇಪು ಹಿಡಿದು ಹೋಗುತ್ತೇನೆ. ನಮ್ಮ ಮನೆಯವರು ಡ್ರಿಲ್ ಯಂತ್ರ ತಗೊಂಡು ಜೊತೆಗೆ ಬರುತ್ತಾರೆ. ಬ್ಲೈಂಡು ಕೂಡಿಸುವುದು ಅವರ ಕೆಲಸ, ಅದರ ಮೇಲೆ ಪರದೆ ಇಳಿಬಿಡುವುದು ನನ್ನದು. ಹೋದ ಕಡೆಯೆಲ್ಲ ಹಿರಿಯರ ಮಾತು ಹೆಚ್ಚುಕಡಿಮೆ ಒಂದೇ: “ಯವ್ವಾ, ಈ ಕಿಡಕಿಗೆ ಏನರ ಮಾಡು. ಸಂಜಿಮುಂದ ಇಲ್ಲಿ ಕುಂದ್ರಾಕ ಆಗೂದಿಲ್ಲ.”

ಹಳೆಯ ಮನೆಗಳಲ್ಲಿ ಈ ಮಾತು ಇರಲಿಲ್ಲ. ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಜಂತಿಯ ಮೇಲೆ ಮೇಲ್ಮುದ್ದೆ, ಸಣ್ಣ ಕಿಟಕಿ, ಮಾಳಿಗೆಯಲ್ಲೊಂದು ಬೆಳಕಿಂಡಿ. ಬಿಸಿಲು ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರ ಸ್ಥಾಪಿಸಿದಾಗ ಈ ಭಾಗದ ಊರುಗಳೆಲ್ಲ ಇಂಥ ಮನೆಗಳವೇ. 2009ರ ನೆರೆಯಲ್ಲಿ ಹೊಳೆದಂಡೆಯ ಎಷ್ಟೋ ಮನೆ ಬಿದ್ದವು, ‘ಆಸರೆ’ ಯೋಜನೆಯಲ್ಲಿ ಬೇರೆ ಜಾಗದಲ್ಲಿ ಹೊಸ ಮನೆಗಳು ಎದ್ದವು. 2019ರ ಆಗಸ್ಟಿನಲ್ಲಿ ಹೊಳೆ ಮತ್ತೆ ಊರೊಳಗೆ ಬಂತು. ಹೊಸದಾಗಿ ಕಟ್ಟಿದವರು ತೆಳು ಗೋಡೆ, ಕಾಂಕ್ರೀಟ್ ಸ್ಲ್ಯಾಬು, ನಾಲ್ಕು ಅಡಿಯ ಗಾಜಿನ ಕಿಟಕಿ ಇಟ್ಟರು. ಬೆಳಕು ಚೆನ್ನಾಗಿ ಬಂತು. ಅದರ ಜೊತೆಗೆ ಬಿಸಿಯೂ ಬಂತು. ದಪ್ಪ ಗೋಡೆ ಮಾಡುತ್ತಿದ್ದ ಕೆಲಸದಲ್ಲಿ ಒಂದು ಪಾಲನ್ನಾದರೂ ಈಗ ಕಿಟಕಿಯ ಹೊದಿಕೆ ಮಾಡಬೇಕು. ಅದಕ್ಕೇ ಬ್ಲೈಂಡು, ಪರದೆ ಶೋಕಿಯ ಸಾಮಾನಲ್ಲ ಎಂದು ನಾನು ಹೇಳುತ್ತಲೇ ಇರುತ್ತೇನೆ.

ಬೆಳಕನ್ನು ಸೋಸಿ ಒಳಬಿಡುವ ವಿದ್ಯೆಗೆ ನಮ್ಮ ನೆಲದಲ್ಲೇ ಹಳೆಯ ಪಾಠವಿದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಅದರ ಮಂಟಪದ ಗೋಡೆಗಳ ಜಾಲಂದ್ರಗಳನ್ನು ಒಳಗಿನಿಂದ ನೋಡಬೇಕು. ಬೆಳಕು ದಪ್ಪ ಕಲ್ಲಿನ ತೂತುಗಳ ಅಂಚಿಗೆ ಬಡಿದು, ಪುಟಿದು, ಮೆತ್ತಗಾಗಿ ಒಳಗೆ ಬರುತ್ತದೆ; ಗಾಳಿಯೂ ಆಡುತ್ತದೆ. ಐಹೊಳೆಯ ಲಾಡಖಾನ್ ಗುಡಿಯಲ್ಲೂ ಇಂಥ ಕಲ್ಲಿನ ಜಾಲರಿಗಳಿವೆ. ಪಟ್ಟಿ ಪಟ್ಟಿಯ ವೆನಿಷಿಯನ್ ಬ್ಲೈಂಡು ಮಾಡುವುದೂ ಇದೇ ಕೆಲಸ.

ಯಾವ ಕಿಟಕಿಗೆ ಯಾವುದು

ಕೊಳ್ಳುವ ಮೊದಲು ಕಿಟಕಿಯ ದಿಕ್ಕು ನೋಡಿ. ನಮ್ಮ ಸೀಮೆ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರ ಒಮ್ಮೆ, ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಮತ್ತೊಮ್ಮೆ ಸೂರ್ಯ ನಡುಹಗಲು ನೆತ್ತಿಯ ಮೇಲೇ ಬರುತ್ತಾನೆ. ನಡುವಿನ ತಿಂಗಳುಗಳಲ್ಲಿ ಅವನು ನಮಗೆ ಉತ್ತರಕ್ಕಿರುತ್ತಾನೆ. ಹೀಗಾಗಿ ತಂಪೆಂದು ನಂಬಿದ ಬಡಗಣ ಕಿಟಕಿಗೂ ಬೇಸಿಗೆಯಲ್ಲಿ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಬೀಳುತ್ತದೆ. ತೆಂಕಣ ಕಿಟಕಿಗೆ ಚಳಿಗಾಲದಲ್ಲೇ ಬಿಸಿಲು ಹೆಚ್ಚು. ಮೇಲಿನ ಸಜ್ಜಾ ಅದನ್ನು ಬಹುಮಟ್ಟಿಗೆ ತಡೆಯುತ್ತದೆ.

ಪಡುವಣಕ್ಕೆ ಸಜ್ಜಾ ಸಾಲದು. ಬೇಸಿಗೆಯಲ್ಲಿ ಹೊತ್ತು ಮುಳುಗಲು ಎರಡು ತಾಸು ಇರುವಾಗ ಸೂರ್ಯ ನೆಲದಿಂದ ಸುಮಾರು 27 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಒಂದೂವರೆ ಅಡಿಯ ಸಜ್ಜಾ ಕೊಡುವ ನೆರಳು ಮುಕ್ಕಾಲು ಅಡಿ ಮಾತ್ರ. ನಾಲ್ಕು ಅಡಿ ಕಿಟಕಿಯ ಉಳಿದ ಮೂರೂಕಾಲು ಅಡಿಗೆ ಬಿಸಿಲು ನೇರ ಹೊಡೆಯುತ್ತದೆ.

ಗಾಜು ಸೂರ್ಯನ ಬೆಳಕನ್ನು ಒಳಬಿಡುತ್ತದೆ. ಆ ಬೆಳಕಿಗೆ ಕಾದ ನೆಲ, ಗೋಡೆ, ಕಾಟು ಸೂಸುವ ಶಾಖವನ್ನು ಹೊರಗೆ ಹೋಗಗೊಡುವುದಿಲ್ಲ. ಆದ್ದರಿಂದ ಗಾಜಿನ ಹೊರಗೇ ಬಿಸಿಲು ತಡೆದರೆ ಎಲ್ಲಕ್ಕಿಂತ ಒಳ್ಳೆಯದು. ಮೇದಾರರು ಹೆಣೆದ ಬಿದಿರಿನ ತಟ್ಟಿಯನ್ನು ಹೊರಗೆ ಇಳಿಬಿಡುವ ರೂಢಿ ಸುಮ್ಮನೆ ಬಂದದ್ದಲ್ಲ. ಆದರೆ ಬಾದಾಮಿ ಪೇಟೆಯಲ್ಲಿ ಮಂಗಗಳು ತಟ್ಟಿಯನ್ನು ಉಳಿಸುವುದಿಲ್ಲ. ಅಲ್ಲಿ ಕಿಟಕಿಯ ಮುಂದೆ ಬೇವು, ಹೊಂಗೆ ಬೆಳೆಸಿ, ಒಳಗೆ ಬ್ಲೈಂಡು ಹಾಕುವುದೇ ದಾರಿ. ಒಳಗೆ ಹಾಕುವ ಬ್ಲೈಂಡಿನ ಗಾಜಿನ ಕಡೆಯ ಮೈ ಬಿಳಿಯಾಗಿರಲಿ. ಆ ಬಿಳಿ ಮೈ ಬಂದ ಬೆಳಕಿನಲ್ಲಿ ಹೆಚ್ಚು ಪಾಲನ್ನು ಶಾಖವಾಗುವ ಮೊದಲೇ ಗಾಜಿನಿಂದ ಆಚೆ ತಿರುಗಿಸುತ್ತದೆ.

ಪಡಸಾಲೆ, ಮಲಗುವ ಕೋಣೆಗೆ ನಾನು ಹೇಳುವುದು ಕೊಳವೆಗೆ ಸುತ್ತಿಕೊಳ್ಳುವ ರೋಲರ್ ಬ್ಲೈಂಡು. ಸುಗ್ಗಿಯ ಹೊಟ್ಟು, ಬೇಸಿಗೆಯ ಧೂಳು ನಮ್ಮಲ್ಲಿ ವಿಪರೀತ. ರೋಲರಿನ ಸಪಾಟು ಬಟ್ಟೆಯನ್ನು ಒದ್ದೆ ಅರಿವೆಯಿಂದ ಒರೆಸಿದರೆ ಮುಗಿಯಿತು. ವೆನಿಷಿಯನ್ನಿನ ಪ್ರತಿ ಪಟ್ಟಿಯೂ ಧೂಳು ಹಿಡಿಯುತ್ತದೆ. ಆದರೂ ಅಡುಗೆಮನೆಗೆ ಅಲ್ಯುಮಿನಿಯಂ ವೆನಿಷಿಯನ್ನೇ ಸರಿ, ಏಕೆಂದರೆ ಒಲೆಯ ಹತ್ತಿರ ಬಟ್ಟೆ ಇರಬಾರದು. ದೇವರ ಜಗಲಿಯ ಬದಿಯ ಕಿಟಕಿಗೂ ಇದೇ ಮಾತು: ದೀಪ ಹಚ್ಚುವಲ್ಲಿ ಪಾಲಿಯೆಸ್ಟರ್ ಪರದೆ ಬೇಡವೇ ಬೇಡ.

ಅಳತೆ, ಗೋಡೆ, ತಿರುಪು

ಬ್ಲೈಂಡನ್ನು ಚೌಕಟ್ಟಿನ ಸಂದಿಯ ಒಳಗೆ ಕೂಡಿಸಬಹುದು, ಇಲ್ಲವೇ ಗೋಡೆಯ ಮೇಲೆ ಹೊರಗೆ. ಮೇಲೆ ಪರದೆ ಹಾಕುವುದಿದ್ದರೆ ಒಳಗೆ ಕೂಡಿಸಿದ್ದೇ ಚೆಂದ, ಎರಡೂ ಒಂದಕ್ಕೊಂದು ತಾಗುವುದಿಲ್ಲ. ಅದಕ್ಕೆ ಸಂದಿಯಲ್ಲಿ ಎರಡೂವರೆ ಮೂರು ಇಂಚು ಆಳ ಬೇಕು. ಸೊಳ್ಳೆ ಜಾಲರಿಯ ಬಾಗಿಲು ಒಳಮುಖ ತೆರೆಯುವ ಕಿಟಕಿಯಾದರೆ ಒಳಗೆ ಕೂಡಿಸಲಾಗದು. ಆಗ ಗೋಡೆಯ ಮೇಲೆ, ಸುತ್ತಿದ ಬ್ಲೈಂಡು ಜಾಲರಿ ಬಾಗಿಲಿಗೆ ತಾಗದಷ್ಟು ಎತ್ತರಕ್ಕೆ ಹಾಕಿ. ಎರಡೂ ಬದಿಗೆ ಮೂರು ಮೂರು ಇಂಚು ಹೆಚ್ಚಿಗೆ ಬರಲಿ.

ಒಳಗೆ ಕೂಡಿಸುವುದಾದರೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಮೂರರಲ್ಲಿ ಕಡಿಮೆ ಇದ್ದದ್ದೇ ನಿಮ್ಮ ಅಳತೆ. ಗಿಲಾವು ಮಾಡುವಾಗ ಅಂಚು ದಪ್ಪ ತೆಳು ಆಗಿರುತ್ತದೆ, ಒಂದೇ ಕಡೆ ಅಳೆದರೆ ಬ್ಲೈಂಡು ಸಿಕ್ಕಿಕೊಳ್ಳುತ್ತದೆ. ಎತ್ತರವನ್ನೂ ಮೂರು ಕಡೆ ಅಳೆದು ಹೆಚ್ಚಿದ್ದದ್ದನ್ನು ಬರೆದುಕೊಳ್ಳಿ. ಬಳಿಕ ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಕಿಟಕಿ ಸೊಟ್ಟಗಿದೆಯೋ ಇಲ್ಲವೋ ತಿಳಿಯುತ್ತದೆ. ಅಂಗಡಿಯವರಿಗೆ ಕಿಟಕಿಯ ಅಳತೆ ಕೊಡುತ್ತಿದ್ದೀರೋ ಬ್ಲೈಂಡಿನ ಅಳತೆಯೋ ಎಂದು ಬಾಯಿಬಿಟ್ಟು ಹೇಳಿ. ಆಡಲು ಬೇಕಾದ ಐದರಿಂದ ಹತ್ತು ಮಿಲಿಮೀಟರ್ ಸಂದನ್ನು ಇಬ್ಬರೂ ಕಳೆದರೆ ಬ್ಲೈಂಡು ಕಿರಿದಾಗುತ್ತದೆ.

ಇನ್ನು ಗೋಡೆ. ಕಾಂಕ್ರೀಟ್ ಲಿಂಟಲ್ಲಿಗೆ ಹ್ಯಾಮರ್ ಡ್ರಿಲ್ಲು, ಪ್ಲಾಸ್ಟಿಕ್ ಪ್ಲಗ್ಗು, ತಿರುಪು. ಒಳಗಿನ ಕಬ್ಬಿಣದ ಸರಳು ತಾಗಿದರೆ ಜೋರು ಮಾಡದೆ ಒಂದಿಂಚು ಪಕ್ಕಕ್ಕೆ ಸರಿಯಿರಿ. ನಮ್ಮ ಕೆಂಪು ಮರಳುಗಲ್ಲಿನ ಗೋಡೆ ಮೆತ್ತಗೆ. ಹ್ಯಾಮರ್ ನಿಲ್ಲಿಸಿ ಬರೀ ತಿರುಗಿಸಿ ಕೊರೆಯಬೇಕು. ಅಂಚಿನಿಂದ ಎರಡು ಇಂಚಾದರೂ ಒಳಗಿರಲಿ, ಇಲ್ಲದಿದ್ದರೆ ಕಲ್ಲು ಚಕ್ಕೆ ಏಳುತ್ತದೆ. ಹಳೆಯ ಮಣ್ಣಿನ ಗೋಡೆಯಲ್ಲಿ ಪ್ಲಗ್ಗು ನಿಲ್ಲುವುದಿಲ್ಲ. ಅಲ್ಲಿ ಕಿಟಕಿಯ ಮೇಲಿನ ಕಟ್ಟಿಗೆಯ ತೊಲೆಗೆ ಒಂದು ಗಟ್ಟಿ ಪಟ್ಟಿ ಜಡಿದು, ಬ್ಲೈಂಡು ಪರದೆ ಎರಡನ್ನೂ ಅದಕ್ಕೇ ಕೂಡಿಸುತ್ತೇವೆ.

ಬ್ರಾಕೆಟ್ಟುಗಳೆರಡೂ ಒಂದೇ ಮಟ್ಟದಲ್ಲಿರಬೇಕು. ನೀರುಮಟ್ಟ ಇಟ್ಟು ಗುರುತು ಮಾಡಿ, ಆಮೇಲೆ ಕೊರೆಯಿರಿ. ಇಷ್ಟಾದರೂ ರೋಲರಿನ ಬಟ್ಟೆ ಸುತ್ತುವಾಗ ಬಲಕ್ಕೆ ಎಳೆಯುತ್ತಿದ್ದರೆ ಕೊಳವೆಯ ಎಡ ತುದಿಗೆ ಒಂದು ಸುತ್ತು ಟೇಪು ಅಂಟಿಸಿ. ಎಡಕ್ಕೆ ಎಳೆದರೆ ಬಲಕ್ಕೆ. ಸರಿಯಾಗುತ್ತದೆ.

ಒಂದು ಎಚ್ಚರಿಕೆಯನ್ನು ಕೈಮುಗಿದು ಹೇಳುತ್ತೇನೆ. ಬ್ಲೈಂಡಿನ ಜೋಲುವ ದಾರದ ಕುಣಿಕೆ ಮಕ್ಕಳ ಕೊರಳಿಗೆ ಸಿಕ್ಕಿ ಜೀವ ಹೋದ ಘಟನೆಗಳು ಜಗತ್ತಿನ ಹಲವು ಕಡೆ ನಡೆದಿವೆ. ಅಮೆರಿಕದಲ್ಲಿ 2018ರ ಕೊನೆಯಿಂದ, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬ್ಲೈಂಡುಗಳಿಗೆ ದಾರವೇ ಇರಬಾರದು ಅಥವಾ ಕೈಗೆ ಸಿಗಬಾರದು ಎಂಬ ಮಾನದಂಡ ಬಂದಿದೆ. ಕೂಸು ಇರುವ ಮನೆಯಲ್ಲಿ ದಾರವಿಲ್ಲದ ಬ್ಲೈಂಡು ಕೊಳ್ಳಿ. ಸರಪಳಿ ಇದ್ದರೆ ಅದರ ಕೆಳತುದಿಯನ್ನು ಗೋಡೆಗೆ ಬಿಗಿದು ಹಿಡಿಯುವ ಕ್ಲಿಪ್ಪನ್ನು ತಪ್ಪದೆ ಹಾಕಿಸಿ. ತೊಟ್ಟಿಲನ್ನೂ ಕಾಟನ್ನೂ ಕಿಟಕಿಯಿಂದ ದೂರ ಇಡಿ.

ಮೇಲಿನ ಪದರ

ಬ್ಲೈಂಡು ಬಿಸಿಲು ತಡೆದರೂ ಅದರ ಅಂಚಿನಲ್ಲಿ ಸಂದು ಉಳಿಯುತ್ತದೆ. ರೋಲರಿನಲ್ಲಂತೂ ಬ್ರಾಕೆಟ್ಟಿನ ಜಾಗಕ್ಕಾಗಿ ಬಟ್ಟೆಯ ಅಗಲ ಕಡಿಮೆ ಇರುತ್ತದೆ. ಎರಡೂ ಕಡೆ ಬೆಳಕಿನ ಗೆರೆ ಕಾಣುತ್ತದೆ. ಆ ಸಂದನ್ನು ಮುಚ್ಚುವುದು, ಕಾದ ಬ್ಲೈಂಡಿನ ಬಿಸಿ ಕೋಣೆಗೆ ಹರಡದಂತೆ ನಡುವೆ ಗಾಳಿಯ ಪದರ ಉಳಿಸುವುದು, ರಾತ್ರಿ ದೀಪ ಹಾಕಿದಾಗ ಬೀದಿಯ ಕಣ್ಣು ತಪ್ಪಿಸುವುದು ಪರದೆಯ ಕೆಲಸ.

ಪರದೆಯ ರಾಡು ಕಿಟಕಿಗಿಂತ ಎರಡೂ ಬದಿಗೆ ಆರು ಇಂಚು ಉದ್ದ, ಆರು ಇಂಚು ಮೇಲೆ ಇರಲಿ. ಬ್ಲೈಂಡು ಗೋಡೆಯ ಮೇಲಿದ್ದರೆ ರಾಡಿನ ಬ್ರಾಕೆಟ್ಟು ನಾಲ್ಕು ಇಂಚು ಮುಂದಕ್ಕೆ ಚಾಚಬೇಕು. ಬಟ್ಟೆಯ ಒಟ್ಟು ಅಗಲ ರಾಡಿನ ಎರಡು ಪಟ್ಟಾದರೂ ಬೇಕು. ಅದಕ್ಕಿಂತ ಕಡಿಮೆಯಾದರೆ ನೆರಿಗೆ ಬೀಳದು. ಹತ್ತಿ ಬಟ್ಟೆಯನ್ನು ನೀರಿನಲ್ಲಿ ನೆನೆಹಾಕಿ ಒಣಗಿಸಿಯೇ ಕತ್ತರಿಸಬೇಕು. ಹೊಲಿದ ಮೇಲೆ ಕುಗ್ಗಿದರೆ ಪರದೆ ಗಿಡ್ಡವಾಗುತ್ತದೆ.

ಬಟ್ಟೆಗೆ ದೂರ ಹೋಗಬೇಕಿಲ್ಲ. ಇಳಕಲ್ಲ ಸೀರೆ ನಮ್ಮ ಪ್ರತಿ ಮನೆಯ ಪೆಟ್ಟಿಗೆಯಲ್ಲಿದೆ. ಉಡಲು ಬಾರದ ಹಳೆಯ ಹತ್ತಿ ಸೀರೆಯ ಒಡಲು ಮೆತ್ತಗಾಗಿ ಚೆನ್ನಾಗಿ ಇಳಿಬೀಳುತ್ತದೆ. ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರದ ಕಿಟಕಿಯ ಲೆಕ್ಕ ನೋಡಿ. ರಾಡು 60 ಇಂಚು. ಪರದೆ ಮೇಲೆ ಕೆಳಗೆ ಆರು ಆರು ಇಂಚು ಸೇರಿ ಐದು ಅಡಿ, ಮಡಿಕೆಗೆ ಒಂಬತ್ತು ಇಂಚು. ಹೀಗೆ ಐದು ಅಡಿ ಒಂಬತ್ತು ಇಂಚಿನ ಮೂರು ತುಂಡಿಗೆ ಹದಿನೇಳೂಕಾಲು ಅಡಿ ಬೇಕು. ಆರು ಗಜದ ಸೀರೆ 18 ಅಡಿ, ಸರಿಹೋಯಿತು. ಸೀರೆಯ ಅಗಲ 45 ಇಂಚೆಂದರೆ ಮೂರು ತುಂಡು ಸೇರಿ 135 ಇಂಚು, ರಾಡಿನ ಎರಡೂಕಾಲು ಪಟ್ಟು. ಸೆರಗಿರುವ ತುಂಡನ್ನು ಉದ್ದಕ್ಕೆ ಸೀಳಿ, ಅರ್ಧರ್ಧವನ್ನು ಉಳಿದ ಎರಡಕ್ಕೆ ಕೂಡಿಸಿದರೆ ಸೆರಗಿನ ಟೋಪಿ ತೆನೆ ಚಿತ್ತಾರ ಎರಡೂ ಪರದೆಯ ಬುಡದಲ್ಲಿ ಸಮವಾಗಿ ಬರುತ್ತದೆ, ಗೋಮಿಯೋ ಚಿಕ್ಕಿ ಪರಾಸೋ ವಿನ್ಯಾಸವಿರುವ ದಡಿ ಮೇಲಿಂದ ಕೆಳಗೆ ಗೆರೆಯಾಗಿ ಇಳಿಯುತ್ತದೆ. ಹಿಂದೆ ಬಿಳಿ ಹತ್ತಿಯ ಅಸ್ತರ ಕೊಡಲೇಬೇಕು. ಹಳೆಯ ಬಟ್ಟೆಯ ಭಾರ ಹೊರುವುದೂ ಅದೇ, ಬಿಸಿಲಿಗೆ ಬಣ್ಣ ಹೋಗದಂತೆ ಕಾಯುವುದೂ ಅದೇ.

ಗುಳೇದಗುಡ್ಡದ ಖಣವನ್ನು ಪೂರ್ತಿ ಪರದೆಗೆ ಬಳಸಲು ಅದರ ಪನ್ನ ಸಾಲದು, ಜೋಡಣೆ ಹೆಚ್ಚಾಗುತ್ತದೆ. ಬಿಳಿ ಅಥವಾ ಗೋಧಿ ಬಣ್ಣದ ಕೈಮಗ್ಗದ ಪರದೆಗೆ ಖಣದ ಅಂಚು ಕೊಟ್ಟು, ಬದಿಗೆ ಕಟ್ಟುವ ಪಟ್ಟಿಯನ್ನೂ ಅದರಲ್ಲೇ ಹೊಲಿದರೆ ಕೋಣೆಗೆ ಕಳೆ ಬರುತ್ತದೆ. ಪುಷ್ಯ ಮಾಸದಲ್ಲಿ ಬನಶಂಕರಿ ಜಾತ್ರೆಗೆ ನೆಂಟರು ಬರುವ ಮುಂಚೆ ಇಂಥವನ್ನು ಹೊಲಿಸುವವರು ಹೆಚ್ಚುತ್ತಿದ್ದಾರೆ. ಆ ಒಂದೆರಡು ಮೀಟರ್ ಖಣ ನೇಕಾರರ ಮನೆಗೂ ಕೂಲಿಯಾಗುತ್ತದೆ.

ಎರಡು ಪದರ ಹಾಕಿಸಿದ ಮೇಲೆ ಹೊತ್ತು ನೋಡಿ ಬಳಸಬೇಕು. ಮೂಡಣ ಕಿಟಕಿಯ ಬ್ಲೈಂಡು ಬೆಳಿಗ್ಗೆ ಎಂಟಕ್ಕೆ ಇಳಿಯಲಿ, ಮಧ್ಯಾಹ್ನ ಏಳಲಿ. ಪಡುವಣದ್ದು ಮಧ್ಯಾಹ್ನ ಎರಡಕ್ಕೇ ಇಳಿಯಲಿ. ಕೋಣೆ ಕಾದ ಮೇಲೆ ಇಳಿಸಿ ಪ್ರಯೋಜನವಿಲ್ಲ. ಹೊತ್ತು ಮುಳುಗಿದ ಮೇಲೆ ಎರಡನ್ನೂ ಸರಿಸಿ ಕಿಟಕಿ ತೆರೆದಿಡಿ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಬಿಡುವ ಬಿಸಿ ಹೊರಗೆ ಹೋಗಲು ಅದೊಂದೇ ಹಾದಿ.

ಮನೆ ಕಟ್ಟಿಸುತ್ತಿರುವವರಿಗೆ ನನ್ನ ಬೇಡಿಕೆ ಇಷ್ಟು. ಬನಶಂಕರಿ ಜಾತ್ರೆಯಲ್ಲಿ ಬಾಗಿಲು, ಚೌಕಟ್ಟು ಆರಿಸುವಾಗಲೇ ಪರದೆಯನ್ನೂ ನೆನೆಯಿರಿ. ಪಡುವಣ ಕಿಟಕಿ ಚಿಕ್ಕದಿರಲಿ. ಸಂದಿಯಲ್ಲಿ ಮೂರು ಇಂಚು ಆಳ, ಲಿಂಟಲ್ಲಿನ ಮೇಲೆ ರಾಡಿಗೆ ಜಾಗ ಬಿಡುವಂತೆ ಗೌಂಡಿಗೆ ಮೊದಲೇ ಹೇಳಿ. ಸ್ವಿಚ್ಚಿನ ಪೆಟ್ಟಿಗೆ ಕಿಟಕಿಯಿಂದ ಒಂದು ಅಡಿ ದೂರ ಬರಲಿ. ಕಟ್ಟುವಾಗ ಇದಕ್ಕೆ ಖರ್ಚೇ ಇಲ್ಲ. ಕಟ್ಟಿದ ಮೇಲೆ ಗೋಡೆ ಒಡೆಯಬೇಕಾಗುತ್ತದೆ.