ಆಳಂದದ ಮಳೆ ಹಿಡಿಯಲು ಆರು ಕಿ.ಮೀ. ಜಾಲ

ಕಲಬುರಗಿ: ‘ಜಿಲ್ಲೆಯ ಕೆಲವೆಡೆ ಮಳೆಯಾಗುವ ಸಂಭವವಿದೆ’ ಎಂಬ ಮುನ್ಸೂಚನೆ ನಗರವಾಸಿಗಳಿಗೆ ಸಾಕಾಗಬಹುದು. ಹೂ ಬಿಟ್ಟ ತೊಗರಿಗೆ ಕೀಟನಾಶಕ ಸಿಂಪಡಿಸಲು ಹೊರಟ ಆಳಂದದ ರೈತನಿಗೆ ಆ ‘ಕೆಲವೆಡೆ’ ಯಾವ ಕಡೆ ಎಂಬುದೇ ಮುಖ್ಯ. ಸಿಂಪಡಿಸಿದ ಬೆನ್ನಲ್ಲೇ ಮಳೆ ಸುರಿದರೆ ಔಷಧಿ ತೊಳೆದುಹೋಗುತ್ತದೆ, ಕಾಯಿಕೊರಕ ಮಾತ್ರ ಉಳಿಯುತ್ತದೆ.

ಈ ಕೊರತೆಯನ್ನು ತಗ್ಗಿಸುವ ಉದ್ದೇಶದಿಂದ 2025ರ ಮೇ 26ರಂದು ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಬಳಕೆಗೆ ಬಂದಿತು. ಇದನ್ನು ರೂಪಿಸಿದ್ದು ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆ.

ಇಂತಹ ಜಾಗತಿಕ ಮಾದರಿಯು ಇಡೀ ಭೂಮಂಡಲದ ವಾತಾವರಣವನ್ನು ಚೌಕಗಳನ್ನಾಗಿ ವಿಂಗಡಿಸಿ, ಪ್ರತಿ ಚೌಕದ ಒತ್ತಡ, ಉಷ್ಣಾಂಶ, ತೇವಾಂಶ ಮತ್ತು ಗಾಳಿಯ ಲೆಕ್ಕ ಹಾಕುತ್ತದೆ. ಹಿಂದಿನ ಮಾದರಿಯ ಚೌಕ ಸುಮಾರು 12 ಕಿ.ಮೀ. ಅಗಲದ್ದು, ಅಂದರೆ 144 ಚದರ ಕಿ.ಮೀ.ಗೆ ಒಂದೇ ಮಳೆಯ ಅಂಕಿ. ಈಗ ಅದು 6 ಕಿ.ಮೀ.ಗೆ ಇಳಿದಿದ್ದು, 36 ಚದರ ಕಿ.ಮೀ.ಗೆ ಒಂದು ಅಂಕಿ ದೊರೆಯುತ್ತದೆ. ಇದು ಅಗ್ಗದ ಕೆಲಸವಲ್ಲ. ಚೌಕದ ಅಗಲ ಅರ್ಧವಾದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಲೆಕ್ಕದ ಕಾಲಾಂತರವನ್ನೂ ಅರ್ಧಕ್ಕೆ ಇಳಿಸಬೇಕಾಗುವುದರಿಂದ ಒಟ್ಟು ಶ್ರಮ ಹೆಚ್ಚುಕಡಿಮೆ ಎಂಟು ಪಟ್ಟು. ‘ಪ್ರತ್ಯೂಷ್’ ಸೂಪರ್ ಕಂಪ್ಯೂಟರ್ ಸುಮಾರು 10 ತಾಸು ತೆಗೆದುಕೊಳ್ಳುತ್ತಿದ್ದ ಲೆಕ್ಕವನ್ನು, 11.77 ಪೆಟಾಫ್ಲಾಪ್ ಸಾಮರ್ಥ್ಯದ ‘ಅರ್ಕ’ ಸುಮಾರು 4 ತಾಸಿನಲ್ಲಿ ಮುಗಿಸುತ್ತದೆ.

ಅತಿವೃಷ್ಟಿಯ ಮುನ್ಸೂಚನೆ ಶೇ 30ರಷ್ಟು ಸುಧಾರಿಸಿದೆ ಎಂಬುದು ಸರ್ಕಾರದ ಹೇಳಿಕೆ. ಆದರೆ ಅದು ದೇಶಕ್ಕೆ ಸಂಬಂಧಿಸಿದ ಮಾತು, ತಾಲ್ಲೂಕಿಗಲ್ಲ. ಗುಡುಗು ಮಳೆಯ ಒಂದು ಮೋಡ ಕೆಲವೇ ಕಿ.ಮೀ. ಅಗಲವಿರುತ್ತದೆ, ಆರು ಕಿ.ಮೀ. ಚೌಕಕ್ಕೂ ಅದು ಸರಿಯಾಗಿ ಕಾಣದು. ಒಂದು ಹಳ್ಳಿ ತೋಯ್ದು ಪಕ್ಕದ್ದು ಒಣಗಿರುವ ನಮ್ಮ ಬಯಲುಸೀಮೆಯ ಮಳೆಗೆ ಈ ಮಿತಿ ಇದ್ದೇ ಇದೆ.

ಭೀಮಾ ತೀರದ ಅಫಜಲಪುರ ಮತ್ತು ಜೇವರ್ಗಿಯ ಕಥೆ ಬೇರೆ. 2020ರ ಅಕ್ಟೋಬರ್ 13ರಂದು ಕಾಕಿನಾಡ ಬಳಿ ದಡ ಸೇರಿದ ವಾಯುಭಾರ ಕುಸಿತ ತೆಲಂಗಾಣ, ಕಲಬುರಗಿ ದಾಟಿ ಮಹಾರಾಷ್ಟ್ರದತ್ತ ಸಾಗಿತು. ಉಜನಿ ಮತ್ತು ವೀರ್ ಜಲಾಶಯಗಳಿಂದ ಬಿಟ್ಟ ನೀರು ಸೊನ್ನ ಬ್ಯಾರೇಜ್ ಮೂಲಕ ಹರಿದು ನದಿದಂಡೆಯ ಹಳ್ಳಿಗಳನ್ನು ಮುಳುಗಿಸಿತು. ಇಲ್ಲಿ ಬೇಕಾದದ್ದು ಊರ ಮೇಲಿನ ಮಳೆಯ ಅಂದಾಜಲ್ಲ. ಮೇಲ್ಭಾಗದ ಜಲಾನಯನದಲ್ಲಿ ಎಷ್ಟು ಬೀಳಲಿದೆ, ಗೇಟು ಯಾವಾಗ ತೆರೆಯುತ್ತದೆ ಎಂಬ ಮಾಹಿತಿ. ಮೊದಲನೆಯದಕ್ಕೆ ಹೊಸ ಮಾದರಿ ನೆರವಾಗಬಲ್ಲದು. ಎರಡನೆಯದು ಎರಡು ರಾಜ್ಯಗಳ ನೀರಾವರಿ ಅಧಿಕಾರಿಗಳ ನಡುವಿನ ದೂರವಾಣಿ ಕರೆಯನ್ನು ಅವಲಂಬಿಸಿದೆ.

ಮಾದರಿಯ ಮಾತು ಎಷ್ಟು ನಿಜವೆಂದು ಅಳೆಯಲು ರಾಜ್ಯದಲ್ಲಿ ಸಾಧನವಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಅವುಗಳ ಅಂಕಿಯನ್ನು ಹಿಂದಿನ ದಿನದ ಮುನ್ಸೂಚನೆಯ ಪಕ್ಕದಲ್ಲಿಟ್ಟು ತಾಲ್ಲೂಕುವಾರು ಪ್ರಕಟಿಸಿದರೆ, ಸಿಂಪಡಿಸಬೇಕೋ ಕಾಯಬೇಕೋ ಎಂಬುದನ್ನು ತೊಗರಿ ಬೆಳೆಗಾರನೇ ನಿರ್ಧರಿಸಿಕೊಳ್ಳುತ್ತಾನೆ.