ಟವೆಲ್ ಹಾಕಿಟ್ಟ ತರಂಗ

ಡೊಂಬಿವಲಿ ಪ್ಲಾಟ್‌ಫಾರ್ಮ್, ಬೆಳಗಿನ ನೂಕುನುಗ್ಗಲು. ಧಾರವಾಡದಿಂದ ಬಂದ ಅವ್ವನ ಕರೆ ಕಟ್ಟಾಯಿತು. ಸಿಗ್ನಲ್ ಕಡ್ಡಿ ಪೂರ್ತಿ ಇವೆ. ಆದರೆ ಇದ್ದಷ್ಟೇ ತರಂಗಾಂತರವನ್ನು ಇಲ್ಲಿರುವ ಸಾವಿರಾರು ಮೊಬೈಲ್‌ಗಳು ಹಂಚಿಕೊಳ್ಳಬೇಕು.

ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹರಾಜಿನಲ್ಲಿ ಪಡೆದವರು ಬಳಸದಿದ್ದರೆ? ನಮ್ಮೂರ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದು, ಕೂರದೇ ಹೋದಂತೆ. ಸಕಾರಣವಿಲ್ಲದೆ ಖಾಲಿ ಬಿಟ್ಟ ತರಂಗಾಂತರವನ್ನು ಹಿಂಪಡೆಯುವ ಅಧಿಕಾರವನ್ನು 2023ರ ದೂರಸಂಪರ್ಕ ಕಾಯ್ದೆ ಸರ್ಕಾರಕ್ಕೆ ಕೊಟ್ಟಿದೆ. ಹಂಚಿಕೊಳ್ಳಲು, ಗುತ್ತಿಗೆಗೆ ಕೊಡಲೂ ಅವಕಾಶವಿದೆ: ಲೋಕಲ್‌ನಲ್ಲಿ ಮೂವರ ಸೀಟಿನಲ್ಲಿ ಸರಿದು ನಾಲ್ಕನೆಯವರಿಗೆ ಜಾಗ ಕೊಡುತ್ತೇವಲ್ಲ, ಹಾಗೆ. ಈ ಅಧಿಕಾರ ಬಳಕೆಯಾದರೇ ನಮಗೆ ಲಾಭ.

ಠಾಣೆಯಲ್ಲಿಳಿದು ಮತ್ತೆ ಫೋನ್ ಮಾಡಿದೆ. ಅವ್ವನ ಅರ್ಧ ಪ್ರಶ್ನೆ ಈಗ ಪೂರ್ತಿಯಾಯಿತು: “ನಾಷ್ಟಾ ಆತೇನಪಾ?”