ಮನೆಯ ಬೀದಿಗೂ ಬೇಕು ಈರ್ಯಾಸಮಿತಿ

ವಿಹಾರದಲ್ಲಿರುವ ಜೈನ ಮುನಿಗಳನ್ನು ಕಂಡವರಿಗೆ ಅವರ ನಡಿಗೆಯ ಒಂದು ಲಕ್ಷಣ ಕೂಡಲೇ ಗಮನಕ್ಕೆ ಬರುತ್ತದೆ. ದೃಷ್ಟಿ ಅತ್ತಿತ್ತ ಅಲೆಯುವುದಿಲ್ಲ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಯೇ ಹೆಜ್ಜೆ ಊರುತ್ತದೆ. ಹಗಲಿನ ಬೆಳಕಿನಲ್ಲಿ, ಜನ ನಡೆದು ಸವೆದ ದಾರಿಯಲ್ಲಿ, ಸಣ್ಣ ಜೀವಿಗೂ ಬಾಧೆಯಾಗದಂತೆ ಸಾಗಬೇಕೆಂಬ ಈ ನಿಯಮವೇ ಈರ್ಯಾಸಮಿತಿ. ಐದು ಸಮಿತಿಗಳಲ್ಲಿ ಇದಕ್ಕೆ ಮೊದಲ ಸ್ಥಾನ. ನುಡಿಗೂ ಆಹಾರಕ್ಕೂ ಮೊದಲು ಜಿನಾಗಮವು ನಡಿಗೆಗೆ ಶಿಸ್ತನ್ನು ವಿಧಿಸಿದೆ.

ಈ ನಿಯಮದೊಳಗೆ ಒಂದು ಸರಳವಾದ ಲೆಕ್ಕವಿದೆ: ಕಣ್ಣು ಕಂಡಷ್ಟು ದೂರದೊಳಗೆ ಪಾದ ನಿಲ್ಲುವಂತಿರಬೇಕು. ನಡೆಯುವವನಿಗೆ ನಾಲ್ಕು ಮೊಳ ಸಾಕು. ಕಾರು ನಡೆಸುವವನಿಗೆ ಎಷ್ಟು ಬೇಕು? ಗಂಟೆಗೆ 30 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 8 ಮೀಟರ್ ಮುಂದೆ ಹೋಗುತ್ತದೆ, 50 ಕಿ.ಮೀ. ವೇಗದ್ದು ಸುಮಾರು 14 ಮೀಟರ್. ಚೆಂಡಿನ ಹಿಂದೆ ಬೀದಿಗೆ ಓಡಿಬಂದ ಮಗುವನ್ನು ಕಂಡು ಬ್ರೇಕ್ ಒತ್ತುವುದಕ್ಕೆ ಎಚ್ಚರದಿಂದಿರುವ ಚಾಲಕನಿಗೂ ಒಂದು ಸೆಕೆಂಡ್ ಬೇಕು. ಒಣಗಿದ ಒಳ್ಳೆಯ ರಸ್ತೆಯಲ್ಲಿ ಮೊದಲನೆಯ ಕಾರು 13-14 ಮೀಟರ್ ದೂರದಲ್ಲಿ ಪೂರ್ತಿ ನಿಂತಿರುತ್ತದೆ. ಎರಡನೆಯದು ಅದೇ ಸ್ಥಳದಲ್ಲಿ ಬ್ರೇಕ್ ಹಿಡಿಯಲು ಆಗಷ್ಟೇ ತೊಡಗಿರುತ್ತದೆ. ಅದರ ಬಡಿತದ ಬಲವೂ 30 ಕಿ.ಮೀ. ವೇಗದ ಕಾರಿನದಕ್ಕಿಂತ ಸುಮಾರು ಎರಡೂಮುಕ್ಕಾಲು ಪಟ್ಟು ಹೆಚ್ಚು. ಮಗು ಬೆದರಿ ಮನೆಗೆ ಓಡುವುದಕ್ಕೂ ಮನೆಗೆ ಮರಳದಿರುವುದಕ್ಕೂ ನಡುವೆ ಇರುವುದು ಇಷ್ಟೇ ಅಂತರ.

ಈ ಲೆಕ್ಕವನ್ನು ಅರಿತ ಊರುಗಳು ವೇಗವನ್ನು ತಗ್ಗಿಸಿವೆ. ಆಸ್ಟ್ರಿಯಾದ ಗ್ರಾಜ್ ನಗರ 1992ರಲ್ಲಿಯೇ ಮುಖ್ಯರಸ್ತೆಗಳನ್ನು ಬಿಟ್ಟು ಉಳಿದೆಡೆ 30 ಕಿ.ಮೀ. ಮಿತಿಯನ್ನು ತಂದಿತು. 2020ರ ಫೆಬ್ರುವರಿಯಲ್ಲಿ ಸೇರಿದ್ದ ವಿಶ್ವ ಸಮಾವೇಶದ ಸ್ಟಾಕ್‌ಹೋಮ್ ಘೋಷಣೆಯು, ಪಾದಚಾರಿಗಳೂ ವಾಹನಗಳೂ ಬೆರೆಯುವ ಕಡೆಗಳಲ್ಲಿ ಇದೇ ಮಿತಿ ಇರಬೇಕೆಂದು ಕರೆ ನೀಡಿತು. ಮರುವರ್ಷ ಸ್ಪೇನ್ ದೇಶ ಮತ್ತು ಪ್ಯಾರಿಸ್ ನಗರ ಅದೇ ದಾರಿ ಹಿಡಿದವು. ನಮ್ಮಲ್ಲಿ ಪುರಸಭೆ, ನಗರಸಭೆಗಳ ವ್ಯಾಪ್ತಿಯಲ್ಲಿ ಕಾರುಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಪಡಿಸಿದ ಗರಿಷ್ಠ ಮಿತಿ 70 ಕಿ.ಮೀ. ಅದನ್ನು ತಗ್ಗಿಸುವ ಅಧಿಕಾರ ರಾಜ್ಯಗಳಿಗೆ ಉಂಟು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಸರ್ಕಾರದ ವರದಿಯೇ ಹೇಳುವಂತೆ ಅತಿವೇಗವು ಈ ಸಾವುಗಳಿಗೆ ಎಲ್ಲಕ್ಕಿಂತ ದೊಡ್ಡ ಕಾರಣ.

ಇವರಲ್ಲಿ ಯಾರನ್ನೂ ಕೊಲ್ಲಬೇಕೆಂಬ ಸಂಕಲ್ಪ ಚಾಲಕರಿಗೆ ಇದ್ದಿರಲಾರದು. ಬೇಕೆಂದು ಮಾಡಲಿಲ್ಲ ಎಂಬ ಮಾತು ಮನಸ್ಸಿಗೆ ಒಂದಿಷ್ಟು ಸಮಾಧಾನ ಕೊಡುತ್ತದೆ. ಜಿನಧರ್ಮ ಈ ಸಮಾಧಾನಕ್ಕೆ ಅಷ್ಟು ಸುಲಭವಾಗಿ ಎಡೆಗೊಡುವುದಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ವ್ಯಾಖ್ಯಾನಿಸುವಾಗ ಪ್ರಾಣಹರಣದ ಮೂಲದಲ್ಲಿ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು ಇರಿಸಿದ್ದಾರೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಯತ್ನಾಚಾರವಿಲ್ಲದವನಿಗೆ ಜೀವಿ ಸಾಯಲಿ, ಬದುಕಲಿ, ಹಿಂಸೆ ತಪ್ಪದು, ಸಮಿತಿಯಲ್ಲಿ ನಿಂತು ನಡೆಯುವವನಿಗೆ ಪ್ರಾಣಿಯೊಂದು ಸತ್ತ ಮಾತ್ರಕ್ಕೆ ಬಂಧವಿಲ್ಲ.

ಈ ತತ್ತ್ವವನ್ನು ಮನೆಯ ಬೀದಿಗೆ ತಂದು ನೋಡಿದರೆ ಅದರ ತೀಕ್ಷ್ಣತೆ ತಿಳಿಯುತ್ತದೆ. ಹೊಸ್ತಿಲ ಮುಂದೆ ಬಗ್ಗಿ ರಂಗೋಲಿ ಇಡುವವರು, ಕೋಲೂರಿಕೊಂಡು ಹಾಲಿಗೆ ಹೊರಟ ಹಿರಿಯರು, ಬಿಸಿಲು ಕಾಯುತ್ತ ಮಲಗಿದ ನಾಯಿ, ಇವರೆಲ್ಲರ ನಡುವೆ ಭರದಿಂದ ಹಾದುಹೋದ ಕಾರಿಗೆ ಅಂದು ಯಾರೂ ಸಿಗದಿರಬಹುದು. ದ್ರವ್ಯಹಿಂಸೆ ನಡೆಯಲಿಲ್ಲ, ಭಾವಹಿಂಸೆ ನಡೆದುಹೋಗಿದೆ. ಕಾನೂನು ಬಹುಮಟ್ಟಿಗೆ ಪರಿಣಾಮವನ್ನು ಅಳೆದು ದಂಡಿಸುತ್ತದೆ. ಕರ್ಮವು ಯಾರೂ ಗಾಯಗೊಳ್ಳದ ಆ ದಿನದ ಲೆಕ್ಕವನ್ನೂ ಇಡುತ್ತದೆ.

ಗೃಹಸ್ಥನು ಮುನಿಯಂತೆ ಬದುಕಲಾರ ಎಂಬುದನ್ನು ಆಚಾರ್ಯರು ಬಲ್ಲರು. ಆದುದರಿಂದಲೇ ಅವನು ಸಂಕಲ್ಪೀ ಹಿಂಸೆಯನ್ನು ಪೂರ್ತಿಯಾಗಿ ಬಿಡಬೇಕೆಂದು ಹೇಳಿ, ಮನೆಗೆಲಸ ಮತ್ತು ಉದ್ಯೋಗಗಳಲ್ಲಿ ತಪ್ಪಿಸಲಾಗದ ಆರಂಭೀ, ಉದ್ಯೋಗೀ ಹಿಂಸೆಗಳನ್ನು ಆದಷ್ಟು ಕಡಿಮೆ ಮಾಡಬೇಕೆಂದರು. ಕೆಲಸಕ್ಕಾಗಿ ವಾಹನ ನಡೆಸುವುದು ಅನಿವಾರ್ಯವಾಗಿರಬಹುದು. ವೇಗವೂ ಅನಿವಾರ್ಯವೇ? ಅರ್ಧ ಕಿಲೋಮೀಟರ್ ಉದ್ದದ ಬೀದಿಯನ್ನು 50 ಕಿ.ಮೀ. ವೇಗದಲ್ಲಿ ದಾಟಲು 36 ಸೆಕೆಂಡ್ ಬೇಕು; 30 ಕಿ.ಮೀ. ವೇಗದಲ್ಲಿ 60 ಸೆಕೆಂಡ್. ಉಳಿತಾಯ 24 ಸೆಕೆಂಡ್. ಇಷ್ಟು ಅಲ್ಪ ಲಾಭಕ್ಕಾಗಿ ಪರರ ಪ್ರಾಣವನ್ನು ಅಪಾಯಕ್ಕೆ ಒಡ್ಡುವುದನ್ನು ಶ್ರಾವಕಾಚಾರದ ಭಾಷೆಯಲ್ಲಿ ಅನರ್ಥದಂಡ ಎನ್ನಬೇಕು, ಎಂದರೆ ಪ್ರಯೋಜನವಿಲ್ಲದ ಪಾಪ. ಅದರ ಐದು ಬಗೆಗಳಲ್ಲಿ ಪ್ರಮಾದಚರ್ಯೆಯೂ ಒಂದು.

ಬೀದಿಯ ಉಬ್ಬುಗಳ ಮುಂದೆ ಎಲ್ಲ ವಾಹನಗಳೂ ನಿಧಾನಿಸುತ್ತವೆ. ಕಾರಿನ ತಳಕ್ಕೆ ಪೆಟ್ಟು ಬಿದ್ದೀತೆಂಬ ಭಯ ಅಲ್ಲಿ ಕೆಲಸ ಮಾಡುತ್ತದೆ. ಉಬ್ಬು ದಾಟಿದೊಡನೆ ವೇಗ ಮತ್ತೆ ಏರುತ್ತದೆ. ಲೋಹಕ್ಕೆ ತೋರಿದ ಕರುಣೆ ಜೀವಕ್ಕೂ ಸಿಗಬೇಕಾದರೆ ಫಲಕದ ಜೊತೆಗೆ ವ್ರತವೂ ಬೇಕಾಗುತ್ತದೆ. ಸರ್ಕಾರ ಮಿತಿಯನ್ನು ತಗ್ಗಿಸಲೇಬೇಕು; ದುರ್ಬಲರಿಗೆ ಅದೇ ರಕ್ಷೆ. ಆದರೆ ಶ್ರಾವಕನು ಆ ಆದೇಶಕ್ಕಾಗಿ ಕಾಯಬೇಕಿಲ್ಲ.

ದೇಶವ್ರತವನ್ನು ಸ್ವೀಕರಿಸುವವರು ಮನೆ, ಬೀದಿ, ಊರು, ಹೊಲ, ನದಿಗಳನ್ನು ಗಡಿಯಾಗಿ ಹೆಸರಿಸಿ, ಇಷ್ಟು ಕಾಲ ಇದನ್ನು ಮೀರೆನು ಎಂದು ನಿಶ್ಚಯಿಸುವುದು ಹಳೆಯ ರೂಢಿ. ಮುಖ್ಯರಸ್ತೆಯ ತಿರುವಿನಿಂದ ಮನೆಯ ಬಾಗಿಲಿನವರೆಗೆ 30 ಕಿ.ಮೀ. ವೇಗವನ್ನು ಮೀರೆನು ಎಂಬ ನಿಶ್ಚಯವೂ ಅದೇ ಸಂಯಮದಿಂದ ಹುಟ್ಟಬಲ್ಲುದು. ಅದರ ಫಲವಾಗಿ ಬದುಕುಳಿದ ಜೀವ ಯಾವುದೆಂದು ವ್ರತಿಗೆ ಎಂದೂ ತಿಳಿಯಲಾರದು. ಆ ಬೀದಿಯಲ್ಲಿ ಸಂಜೆ ಮಕ್ಕಳು ಎಂದಿನಂತೆ ಆಡುತ್ತಿರುತ್ತಾರೆ.